ಹಾಡು ನಿಂತ ಮೇಲೆ ಜೊತೆಗಿದ್ದವರಿಗೆ

ಧಾರವಾಡದಲ್ಲಿ ನನ್ನ ಮೊದಲ ಚಿತ್ರಪ್ರದರ್ಶನ ನಿನ್ನೆ ಮುಗಿಯಿತು. ಇಷ್ಟು ಜನ ಬರುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡೋಣ ಅಂದ್ರೆ ಗಂಟಲು ಕೇಳುವುದಿಲ್ಲ. ಅದಕ್ಕೇ ಈ ಬರಹ.

ನನ್ನನ್ನು ಹಾಡುಗಾರನಾಗಿ ಬಲ್ಲವರೇ ಜಾಸ್ತಿ. ಗಂಟಲಿನ ಆಪರೇಷನ್ ಆದಮೇಲೆ ತಾರ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ, ಹೋದರೆ ದನಿ ಒಡೆಯತೊಡಗಿತು. ಆಗ ಹುಬ್ಬಳ್ಳಿಯಲ್ಲಿ ಸಿಕ್ಕವರೆಲ್ಲ ಗಂಗೂಬಾಯಿ ಹಾನಗಲ್ ಅವರನ್ನೇ ನೆನೆದರು. ಟಾನ್ಸಿಲ್ ಚಿಕಿತ್ಸೆಯ ನಂತರ ಅವರ ದನಿ ಗಡಸಾಯಿತು, ಆ ದನಿಯಲ್ಲೇ ಅವರು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ದೊಡ್ಡ ಗಾಯಕಿಯಾದರು. ಪ್ರೀತಿಯಿಂದಲೇ ಹೇಳಿದಿರಿ, ಗೊತ್ತು. ಆದರೆ ನನ್ನಲ್ಲಿ ಗಡಸು ದನಿಯೂ ಉಳಿದಿರಲಿಲ್ಲ, ಬರೀ ಗಾಳಿ. ಅದನ್ನು ನನಗಿಂತ ಮೊದಲು ಒಪ್ಪಿಕೊಂಡವರು ನನ್ನ ಗುರುಗಳು. "ಸುಮ್ನ ಕೂಡಬ್ಯಾಡ, ಕೈಗೆ ಏನರ ಕೆಲಸ ಕೊಡು" ಅಂದರು. ಹುಡುಗನಿದ್ದಾಗ ನಾನು ಚಿತ್ರ ಬರೆಯುತ್ತಿದ್ದದ್ದು ಅವರಿಗೆ ನೆನಪಿತ್ತು. ಅವರ ಪಾದಕ್ಕೆ ಮೊದಲ ನಮಸ್ಕಾರ.

ಬಣ್ಣದ ಚಿತ್ರಗಳನ್ನು ಮನೆಯಲ್ಲೇ ಮಾಡಿಕೊಂಡೆ. ಅಚ್ಚಿನ ಕೆಲಸಕ್ಕೆ ಮಾತ್ರ ಗುರು ಬೇಕೇ ಬೇಕು. ಧಾರವಾಡದ ಕಲಾ ವಿದ್ಯಾರ್ಥಿನಿಯೊಬ್ಬಳು ಲಿನೋ, ಅಂದರೆ ಚಿತ್ರ ಕೆತ್ತಿ ಶಾಯಿ ಹಚ್ಚಿ ಅಚ್ಚೊತ್ತುವ ಮೆತ್ತನೆಯ ಹಾಳೆ, ಕೆತ್ತಲು ಕಲಿಸಿದಳು. ಉಳಿ ಹಿಡಿದಾಗ ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದೆಯೇ ಇರಬೇಕು ಅಂತ ಎಷ್ಟು ಸಲ ಗದರಿದಳೋ! ವಯಸ್ಸಿನಲ್ಲಿ ನನ್ನ ಮಗಳಂಥವಳು, ಆದರೂ ಗುರುವೇ. ಗಾಜಿನ ಮೇಲೆ ರೋಲರ್ ಉರುಳಿಸುವಾಗ ಕಿವಿ ಕೊಟ್ಟು ಕೇಳಿ ಅಂದವಳೂ ಅವಳೇ. ಶಾಯಿ ಜಾಸ್ತಿಯಾದರೆ ಪಚಪಚ ಅನ್ನುತ್ತದೆ, ಹದಕ್ಕೆ ಬಂದರೆ ಸಣ್ಣಗೆ ಸರಸರ. ಇಷ್ಟು ವರ್ಷ ಸುರ ಕೇಳಿದ ಕಿವಿ ಹೀಗೆ ಮತ್ತೆ ಕೆಲಸಕ್ಕೆ ಬಂದದ್ದು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲಾರೆ.

ಹುಬ್ಬಳ್ಳಿಯ ಮುದ್ರಣಾಲಯದ ಮಾಲೀಕರೊಬ್ಬರು ತಮ್ಮ ಹಳೆಯ ಕೈಪ್ರೆಸ್ಸನ್ನು ಎಣ್ಣೆ ಹಾಕಿ ನನಗೆಂದೇ ಬಿಟ್ಟುಕೊಟ್ಟರು. ಬಾಡಿಗೆಯ ಮಾತೇ ಎತ್ತಲಿಲ್ಲ. ನನ್ನ ಜೊತೆ ತಬಲಾ ನುಡಿಸುತ್ತಿದ್ದ ಗೆಳೆಯ ದಿನವೂ ಬಂದು ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಚಹಾ ಕೊಟ್ಟ. ಮನೆಯವಳು ಇವತ್ತಿಗೂ ಬೆಳಿಗ್ಗೆ ತಂಬೂರಿ ಶ್ರುತಿ ಮಾಡಿಡುತ್ತಾಳೆ. ಅವಳಿಗೆ ಏನಂತ ಬರೆಯಲಿ?

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗೆಳೆಯರೊಬ್ಬರು ಕೊನೆಯ ದಿನ ಬಂದರು. ಹಾಡುಗಾರರು, ಒಂದೇ ವೇದಿಕೆಯಲ್ಲಿ ಎಷ್ಟೋ ಸಲ ಕೂತವರು. ಚಿತ್ರ ಹೇಗೆ ತೋರಿಸಲಿ ಅಂತ ನಾನು ತಡವರಿಸುತ್ತಿದ್ದಾಗ, ಆ ವಿದ್ಯಾರ್ಥಿನಿಯೇ ನಾನು ಕೆತ್ತಿದ್ದ, ತಂಬೂರಿ ಹಿಡಿದ ಹಾಡುಗಾರನ ಲಿನೋವನ್ನು ತಂದು ಅವರ ಕೈಗಿಟ್ಟಳು. ಅವರು ಬೆರಳಾಡಿಸುತ್ತ ಕುಂಬಳದ ಬುರುಡೆಯ ಗುರುತು ಹಿಡಿದರು, ತಂತಿಗಳನ್ನು ಎಣಿಸಿದರು, ಹಾಡುವವನ ಕೈ ಮುಟ್ಟಿ ನಿಂತರು. "ಇಂವಾ ಎಡಗೈಲೆ ತಂಬೂರಿ ಮೀಟಾಕ ಹತ್ಯಾನಲ್ಲೋ!" ಹೌದು, ಅಚ್ಚಿನಲ್ಲಿ ಸರಿ ಬರಬೇಕೆಂದರೆ ಲಿನೋದಲ್ಲಿ ಎಲ್ಲ ಉಲ್ಟಾ ಕೆತ್ತಬೇಕು. ಕಣ್ಣಿದ್ದು ನೋಡಿದ ಯಾರೂ ನನ್ನ ಚಿತ್ರವನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಆ ಅಚ್ಚಿನ 15 ಪ್ರತಿಗಳಲ್ಲಿ 1/15 ಅಂತ ಗುರುತು ಹಾಕಿದ್ದನ್ನು ಗುರುಗಳಿಗೆ ಕೊಟ್ಟಿದ್ದೇನೆ. ಲಿನೋ ಮಾತ್ರ ಈ ಗೆಳೆಯರ ಮನೆಯಲ್ಲಿರುತ್ತದೆ.

ಮುಂದಿನ ಪ್ರದರ್ಶನ ಗದಗಿನಲ್ಲಿ ಮಾಡಬೇಕೆಂದಿದ್ದೇನೆ. ಅಲ್ಲಿ ಪ್ರತಿ ಅಚ್ಚಿನ ಚಿತ್ರದ ಕೆಳಗೂ ಮುಟ್ಟಿ ನೋಡಲು ಅದರ ಲಿನೋ ಇಡುತ್ತೇನೆ.