ಉಗಿಬಂಡಿಯ ರೂಪದ ಬೈಕು: ಅಪ್ಪನಿಗೊಂದು ಪತ್ರ

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ಇಲ್ಲಿನ ಕಾರ್ಯಾಗಾರದಲ್ಲಿ ನಾವು ಉಗಿ ರೈಲಿನ ಎಂಜಿನ್ನನ್ನು ಹೋಲುವ ಬೈಕೊಂದನ್ನು ಕಟ್ಟುತ್ತಿದ್ದೇವೆಂದು ತಿಳಿಸಿದಾಗ, ಇದ್ದ ಬೈಕಿಗೇ ಅಂಥ ಬಣ್ಣ ಬಳಿದರೆ ಸಾಲದೇ ಎಂದು ನೀವು ಕೇಳಿದ್ದಿರಿ. ಸಾಲದು ಅಪ್ಪ. ಬಣ್ಣವನ್ನೆಲ್ಲ ಕೆರೆದು ಬರೀ ಲೋಹ ಉಳಿದಾಗಲೂ ನೋಡಿದವರಿಗೆ ಉಗಿಬಂಡಿಯೇ ನೆನಪಾಗಬೇಕು; ಹಾಗಾದರೆ ಮಾತ್ರ ಆ ಕಲ್ಪನೆ ಬೈಕಿನ ಮೈಗೂಡಿದೆ ಎಂದು ನಾನು ಒಪ್ಪುತ್ತೇನೆ. ಅಲ್ಲದೆ ಉಗಿಗೂ ಬೈಕಿಗೂ ಹಳೆಯ ನಂಟಿದೆ. ಜರ್ಮನಿಯ ಡೈಮ್ಲರ್ 1885ರಲ್ಲಿ ಪೆಟ್ರೋಲ್ ಎಂಜಿನ್ನಿನ ದ್ವಿಚಕ್ರ ವಾಹನವನ್ನು ರೂಪಿಸುವುದಕ್ಕೂ ಮೊದಲೇ, 1860ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕದ ಸಿಲ್ವೆಸ್ಟರ್ ರೋಪರ್ ಸೀಟಿನ ಕೆಳಗೆ ಬಾಯ್ಲರ್ ತೂಗುಹಾಕಿದ ವಾಹನವನ್ನು ಕಟ್ಟಿದ್ದರು.

ಉಗಿಬಂಡಿಯ ಗುರುತೆಂದರೆ ಉದ್ದಕ್ಕೆ ಮಲಗಿದ ಬಾಯ್ಲರ್. ಅದಕ್ಕಾಗಿ ಟ್ಯಾಂಕನ್ನು ನೀಳವಾಗಿಸಿ, ಮುಂದಿನ ಚಕ್ರವನ್ನು ಹಿಡಿದಿರುವ ಕವಲನ್ನು, ಅಂದರೆ ಫೋರ್ಕನ್ನು, ಚಾಚಿ ಚಿತ್ರ ಬರೆದೆವು. ಕಾಗದದ ಮೇಲೆ ಅದು ಬಹಳ ಸೊಗಸಾಗಿತ್ತು, ಆದರೆ ಫೋರ್ಕನ್ನು ಮನಬಂದಂತೆ ಚಾಚಲಾಗದು. ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ತುಸು ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ, ಸಾಮಾನ್ಯ ಬೈಕುಗಳಲ್ಲಿ ಇದು ಸುಮಾರು 100 ಮಿಲಿಮೀಟರ್. ಚಕ್ರ ತಾನಾಗಿಯೇ ನೇರಕ್ಕೆ ಬರುವುದು ಇದರಿಂದಲೇ. ಫೋರ್ಕ್ ಚಾಚಿ ಇದು ಅತಿಯಾದರೆ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ಭಾರವಾಗಿ ಪಕ್ಕಕ್ಕೆ ವಾಲುತ್ತದೆ, ತೀರಾ ಕಡಿಮೆಯಾದರೆ ವೇಗದಲ್ಲಿ ಬೈಕು ನಡುಗುತ್ತದೆ. ಹೀಗಾಗಿ ಚಿತ್ರದ ಫೋರ್ಕನ್ನು ಮೊಟಕುಗೊಳಿಸಿ, ಉದ್ದದ ಭಾವನೆಯನ್ನು ಟ್ಯಾಂಕಿನಿಂದ ಹಿಂಬದಿಯ ಮಡ್‌ಗಾರ್ಡಿನವರೆಗೆ ಸಾಗುವ ಒಂದೇ ಗೆರೆಯಲ್ಲಿ ತಂದೆವು. ಈಗಿನ ರೂಪವೇ ನನಗೆ ಹೆಚ್ಚು ಹಿಡಿಸಿದೆ.

ಟ್ಯಾಂಕಿನ ಕೆಲಸ ನನ್ನ ಪಾಲಿಗೆ ಬಂದಿರುವುದು ನನಗೆ ತುಂಬಾ ಸಂತೋಷದ ಸಂಗತಿ. ಅಲ್ಯೂಮಿನಿಯಂ ತಗಡನ್ನು ಬಡಿದಷ್ಟೂ ಅದು ಗಡುಸಾಗುವುದರಿಂದ ನಡುನಡುವೆ ಕಾಯಿಸಿ ಮೆದು ಮಾಡಬೇಕು. ಆದರೆ ಅದು ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ. 660 ಡಿಗ್ರಿ ಸೆಲ್ಸಿಯಸ್ ತಲುಪಿದೊಡನೆ ಕರಗಿಯೇ ಬಿಡುತ್ತದೆ. ಆದ್ದರಿಂದ ಮೊದಲು ಅಸಿಟಿಲೀನ್ ಜ್ವಾಲೆಯ ಮಸಿಯನ್ನು ತಗಡಿಗೆ ಹಿಡಿಸಿ, ಬಳಿಕ ಆಮ್ಲಜನಕ ಕೂಡಿಸಿದ ಜ್ವಾಲೆಯನ್ನು ಅದರ ಮೇಲೆ ನಿಧಾನವಾಗಿ ಆಡಿಸುತ್ತೇನೆ. ಮಸಿ ಉರಿದು ಮಾಯವಾಗಿ ತಗಡು ಮತ್ತೆ ಬೆಳ್ಳಗೆ ಕಂಡ ಕೂಡಲೇ ಜ್ವಾಲೆಯನ್ನು ಹಿಂದೆಗೆಯಬೇಕು. ಆಮೇಲೆ ಮರಳುಚೀಲದ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿದರೆ ಅದು ಹೇಳಿದಂತೆ ಬಾಗುತ್ತದೆ.

ಬಾಯ್ಲರಿನಂತೆ ಕಾಣಲು ರಿವೆಟ್ಟುಗಳ, ಅಂದರೆ ತಗಡಿನ ತೂತಿನಲ್ಲಿ ತೂರಿಸಿ ಬಡಿಯುವ ಗುಂಡುತಲೆಯ ಮೊಳೆಗಳ, ಸಾಲು ಬೇಕೇಬೇಕು. ಪೆಟ್ರೋಲ್ ತುಂಬುವ ಟ್ಯಾಂಕಿಗೆ ತೂತು ಕೊರೆಯುವಂತಿಲ್ಲವಾದ್ದರಿಂದ, ಒಳಗೊಂದು ವೆಲ್ಡ್ ಮಾಡಿದ ಟ್ಯಾಂಕನ್ನಿಟ್ಟು, ಮೇಲೆ ರಿವೆಟ್ ಹೊಡೆದ ತೆಳು ಕವಚವನ್ನು ತೊಡಿಸುತ್ತಿದ್ದೇವೆ. ಒಳಟ್ಯಾಂಕಿಗೆ ಕಡಿಮೆ ಒತ್ತಡದ ಗಾಳಿ ತುಂಬಿ, ಬೆಸುಗೆಗಳಿಗೆ ಸೋಪುನೀರು ಸವರಿ ನೋಡಿದ್ದಾಗಿದೆ. ಎಲ್ಲಿಯೂ ಗುಳ್ಳೆ ಏಳಲಿಲ್ಲ.

ಬಣ್ಣಕ್ಕೆ ಕಳುಹಿಸುವ ಮೊದಲು ಇಡೀ ಬೈಕನ್ನು ಒಮ್ಮೆ ಜೋಡಿಸಿ ನೋಡುತ್ತೇವೆ, ಏಕೆಂದರೆ ಬಣ್ಣವಾದ ಮೇಲೆ ವೆಲ್ಡ್ ಮಾಡಿದರೆ ಅದು ಸುಟ್ಟುಹೋಗುತ್ತದೆ. ಸದ್ಯಕ್ಕೆ ಬಗೆಹರಿಯದೆ ಉಳಿದಿರುವುದು ಚಕ್ರ. ರೈಲಿನ ಎಂಜಿನ್ ಚಕ್ರದಲ್ಲಿ ಒಂದು ಬದಿಗೆ ಅರ್ಧಚಂದ್ರದಂಥ ತೂಕವಿರುತ್ತದಲ್ಲ, ಅದು ಇಲ್ಲಿಯೂ ಇರಲೆಂಬುದು ಬೈಕು ಮಾಡಿಸುತ್ತಿರುವವರ ಆಸೆ. ಹಾಗೆ ಮಾಡಿದರೆ ಎದುರು ಬದಿಯ ರಿಮ್ಮಿಗೆ ಸಮತೂಕ ಕೊಡಲೇಬೇಕು. ಅರ್ಧಚಂದ್ರವನ್ನು ತೆಳು ತಗಡಿನಲ್ಲಿ ಟೊಳ್ಳಾಗಿ ಮಾಡೋಣ ಎಂದು ನಾನು ಸೂಚಿಸಿದ್ದೇನೆ. ತೀರ್ಮಾನವಾದ ಮೇಲೆ ಫೋಟೋಗಳನ್ನು ಕಳುಹಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು