ಆದವಾನಿಯಿಂದ ಬಿಕಾನೇರಿಗೆ ಹೋದದ್ದರ ನಕಲು ನಮಗೂ ಬೇಕು: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ರಾಜಸ್ಥಾನದ ಬಿಕಾನೇರನ್ನು ಆಳಿದ ರಾಠೋಡ ರಜಪೂತರ ಚರಿತ್ರೆಗೂ ಕರ್ನಾಟಕ ಸರ್ಕಾರಕ್ಕೂ ಏನು ಸಂಬಂಧ ಎಂದು ನಿಮ್ಮ ಕಚೇರಿಯವರು ಕೇಳಬಹುದು. ಅದಕ್ಕೆ ಉತ್ತರ ಆದವಾನಿಯ ಕೋಟೆಯಲ್ಲಿದೆ. 1953ರ ಅಕ್ಟೋಬರ್ ತನಕ ನಮ್ಮ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, ಆಮೇಲೆ ಆಲೂರು, ರಾಯದುರ್ಗಗಳ ಜೊತೆ ಆಂಧ್ರಕ್ಕೆ ಹೋದ ಊರು ಅದು.

1686ರ ಸೆಪ್ಟೆಂಬರಿನಲ್ಲಿ ಆದಿಲ್ ಶಾಹಿಗಳ ರಾಜಧಾನಿ ವಿಜಾಪುರ (ಇಂದಿನ ವಿಜಯಪುರ) ಮೊಗಲ್ ಬಾದಶಹ ಔರಂಗಜೇಬನ ವಶವಾಯಿತು. ಆದಿಲ್ ಶಾಹಿ ರಾಜ್ಯದ ಮಂತ್ರಿಯಾಗಿದ್ದ ಸಿದ್ದಿ ಮಸೂದ್ ಅದಕ್ಕೂ ಮೊದಲೇ ಆದವಾನಿಗೆ ಬಂದು ನೆಲೆಸಿದ್ದ. 1688ರಲ್ಲಿ ಅವನೂ ಕೋಟೆಯನ್ನು ಮೊಗಲರಿಗೆ ಒಪ್ಪಿಸಿದ. ಅದರ ಆಡಳಿತ ಮುಂದೆ ಬಿಕಾನೇರಿನ ಮಹಾರಾಜ ಅನೂಪಸಿಂಹನ ಪಾಲಿಗೆ ಬಂತು. 1698ರಲ್ಲಿ ಅನೂಪಸಿಂಹ ತೀರಿಕೊಂಡದ್ದೂ ಆದವಾನಿಯಲ್ಲೇ. ಅವನು ದಖ್ಖನಿನಲ್ಲಿ ಕೂಡಿಹಾಕಿದ ಸಂಸ್ಕೃತ ಹಸ್ತಪ್ರತಿಗಳು ಇಂದು ಬಿಕಾನೇರಿನ ಲಾಲ್‌ಗಢ ಅರಮನೆಯ ಆವರಣದಲ್ಲಿ, ಅವನ ಹೆಸರನ್ನೇ ಹೊತ್ತ ಅನೂಪ್ ಸಂಸ್ಕೃತ ಗ್ರಂಥಾಲಯದಲ್ಲಿವೆ. ಆ ಅರಮನೆಯ ಸಂಗ್ರಹಕ್ಕೆ ಸೇರಿದ ದಖ್ಖನಿ ಚಿತ್ರಗಳಲ್ಲಿ ಕೆಲವು ಆದವಾನಿಯಿಂದಲೇ ಹೋದವು. ಬಿಕಾನೇರಿನ ಜೂನಾಗಢ ಕೋಟೆಯೊಳಗಿನ ಮೂವತ್ಮೂರು ಕೋಟಿ ದೇವತೆಗಳ ಗುಡಿಯಲ್ಲಿರುವ ಲೋಹದ ವಿಗ್ರಹಗಳನ್ನೂ ಅವನೇ ದಕ್ಷಿಣದಿಂದ ತಂದನೆಂದು ಅಲ್ಲಿಯವರು ಹೇಳುತ್ತಾರೆ.

ಬಿಕಾನೇರಿನವರು ಇದನ್ನು ರಕ್ಷಣೆ ಎಂದು ಕರೆಯುತ್ತಾರೆ. ಔರಂಗಜೇಬನ ಸೈನ್ಯದ ಕೈಗೆ ಸಿಕ್ಕು ಹಾಳಾಗಬೇಕಿದ್ದ ಗ್ರಂಥಗಳನ್ನು ಅನೂಪಸಿಂಹ ಹಣ ಕೊಟ್ಟು ಉಳಿಸಿದ ಎಂಬುದು ಅವರ ನೆನಪು. ಅವನಿಗೆ ವಿದ್ಯೆಯ ಮೇಲೆ ನಿಜವಾದ ಪ್ರೀತಿಯಿತ್ತು. ಸಂಗೀತಶಾಸ್ತ್ರಜ್ಞ ಭಾವಭಟ್ಟನಂಥವರು ಅವನ ಆಶ್ರಯದಲ್ಲಿದ್ದರು. ಆದರೆ ವಿಜಾಪುರವನ್ನು ಮುತ್ತಿದ ಸೈನ್ಯದಲ್ಲಿ ಅವನೂ ಇದ್ದ. ಗೆದ್ದವನೂ ಅವನೇ, ಕಾಪಾಡಿದವನೂ ಅವನೇ. ಎರಡನ್ನೂ ಒಟ್ಟಿಗೆ ಹೇಳದೆ ಅವನ ಕಥೆ ಪೂರ್ತಿಯಾಗುವುದಿಲ್ಲ.

ಮರುಭೂಮಿಯ ಒಡೆಯರು ತುಂಗಭದ್ರೆಯ ಬಯಲಿಗೆ ಏಕೆ ಬಂದರು? ನಮ್ಮ ಪಠ್ಯಪುಸ್ತಕಗಳು ಇದನ್ನು ಕೇಳುವುದೇ ಇಲ್ಲ. ರಜಪೂತರೆಂದರೆ ಅಲ್ಲಿ ಕತ್ತಿ, ಮಾನ, ಜೌಹರ್ (ಸೋಲು ಖಚಿತವಾದಾಗ ಹೆಂಗಸರು ಬೆಂಕಿಗೆ ಹಾರುವುದು). ರಾಣಾ ಪ್ರತಾಪನ ಹಳದಿಘಾಟಿ ಯುದ್ಧದ ನಂತರ ಅವರ ಮಾತೇ ಇಲ್ಲ. ಆದರೆ ರಜಪೂತರ ಚರಿತ್ರೆ ಭೂಮಿಯ ಚರಿತ್ರೆಯೂ ಹೌದು, ಸಂಬಳದ ಚರಿತ್ರೆಯೂ ಹೌದು. ಜೋಧಪುರದ ರಾವ್ ಜೋಧಾನ ಮಗ ಬೀಕಾ ತನ್ನ ಪಾಲಿನ ನೆಲವನ್ನು ಹುಡುಕಿಕೊಂಡು ಜಾಂಗಲ ದೇಶವೆಂಬ ಮರುಭೂಮಿ ಸೀಮೆಗೆ ಹೋಗಿ 1488ರಲ್ಲಿ ಬಿಕಾನೇರನ್ನು ಕಟ್ಟಿದ. ಅಲ್ಲಿ ಆಗಲೇ ಜಾಟ್ ಕುಲಗಳು ನೆಲೆಸಿದ್ದವು. ಅವರಲ್ಲಿ ಗೋದಾರರು ಬೀಕಾನನ್ನು ಒಪ್ಪಿಕೊಂಡರು. ಹೊಸ ರಾಜನ ಹಣೆಗೆ ತಿಲಕ ಇಡುವ ಹಕ್ಕು ಗೋದಾರ ಮುಖ್ಯಸ್ಥನದಾಯಿತು. ಉಳುವವನ ಕೈಯಿಂದ ತಿಲಕ ಹಚ್ಚಿಸಿಕೊಂಡ ಮೇಲೆಯೇ ಆಳುವವನು ಗದ್ದುಗೆ ಏರುತ್ತಿದ್ದ ಎಂಬ ಈ ಒಂದು ಸಂಗತಿ ಹತ್ತು ಯುದ್ಧಗಳ ವರ್ಣನೆಗಿಂತ ಹೆಚ್ಚನ್ನು ತಿಳಿಸುತ್ತದೆ.

ಆ ನೆಲದಲ್ಲಿ ಮಳೆ ಕಡಿಮೆ, ಬೆಳೆ ಕಡಿಮೆ. ಇದ್ದ ಹಳ್ಳಿಗಳು ಅಣ್ಣತಮ್ಮಂದಿರಿಗೆ, ಅವರ ಮಕ್ಕಳಿಗೆ ಪಟ್ಟಾಗಳಾಗಿ, ಅಂದರೆ ರಾಜ ಬರೆದುಕೊಟ್ಟ ಉಂಬಳಿಗಳಾಗಿ, ಹಂಚಿಹೋಗುತ್ತಿದ್ದವು. ಹೀಗಾಗಿ ಅಕ್ಬರನ ಕಾಲದಿಂದ ಬಿಕಾನೇರಿನ ರಾಜರು ಮೊಗಲರ ಮನ್ಸಬುದಾರರಾದರು, ಅಂದರೆ ದರ್ಜೆಗೆ ತಕ್ಕ ಸೈನ್ಯ ಇಟ್ಟುಕೊಂಡು ಸೇವೆ ಮಾಡುವ ಅಧಿಕಾರಿಗಳಾದರು. ತವರು ನೆಲ ವಂಶಪಾರಂಪರ್ಯದ ವತನ್ ಜಹಗೀರಾಗಿ ಅವರಿಗೇ ಉಳಿಯಿತು. ಸೇವೆಗೆ ಪ್ರತಿಯಾಗಿ ದೂರದ ಸೀಮೆಗಳ ಕಂದಾಯವೂ ದೊರೆಯಿತು. ಜೂನಾಗಢವನ್ನು ಕಟ್ಟಿಸಿದ ರಾಯಸಿಂಹ 1612ರಲ್ಲಿ ಸತ್ತದ್ದು ಬುರ್ಹಾನಪುರದಲ್ಲಿ. ಅನೂಪಸಿಂಹನ ತಂದೆ ಕರ್ಣಸಿಂಹ 1669ರಲ್ಲಿ ಸತ್ತದ್ದು ಔರಂಗಾಬಾದಿನಲ್ಲಿ. ಆ ನಗರದ ಕರಣಪುರಾ ಬಡಾವಣೆಗೆ ಅವನದೇ ಹೆಸರು. ಅಲ್ಲಿನ ಕೆಲವು ಹಳ್ಳಿಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಬಿಕಾನೇರಿನ ಒಡೆತನದಲ್ಲೇ ಇದ್ದವು. ತಲೆಮಾರುಗಟ್ಟಲೆ ಈ ಮನೆತನ ಬದುಕಿದ್ದು ಅರ್ಧ ಮರುಭೂಮಿಯಲ್ಲಿ, ಅರ್ಧ ದಖ್ಖನಿನಲ್ಲಿ.

ಬಿಕಾನೇರಿನವರು ಒಬ್ಬರೇ ಬರಲಿಲ್ಲ. ದತಿಯಾದ ದಲಪತರಾವ್ ಬುಂದೇಲ ಇದೇ ದಖ್ಖನ್ ಯುದ್ಧಗಳಲ್ಲಿ ವರ್ಷಾನುಗಟ್ಟಲೆ ದುಡಿದ. ಅವನ ಜೊತೆಗಿದ್ದ ಕಾಯಸ್ಥ ಭೀಮಸೇನ ಪಾರಸಿಯಲ್ಲಿ ಬರೆದ ನೆನಪುಗಳು ಆ ಕಾಲದ ದಕ್ಷಿಣವನ್ನು ಅರಿಯಲು ನಮಗಿರುವ ಮುಖ್ಯ ಆಕರಗಳಲ್ಲಿ ಒಂದು. ಬಂದವರಂತೆ ಇಲ್ಲಿಂದ ಹೋದವರೂ ಇದ್ದರು: ಶಿವಗಂಗೆ ಬೆಟ್ಟದ ಸಮೀಪದ ಸಾತನೂರಿನ ಪುಂಡರೀಕ ವಿಠ್ಠಲ ಉತ್ತರಕ್ಕೆ ಹೋಗಿ ಕಛವಾಹ ಕುಲದ ರಜಪೂತರ ಆಶ್ರಯದಲ್ಲಿ ರಾಗಗಳ ಶಾಸ್ತ್ರ ಬರೆದ.

ಸಚಿವರೇ, ಬಿಕಾನೇರಿನಲ್ಲಿ ರಾಜಸ್ಥಾನ ರಾಜ್ಯ ಪತ್ರಾಗಾರವಿದೆ. ಸಂಸ್ಥಾನದ ‘ಬಹಿ’ಗಳು, ಅಂದರೆ ನಮ್ಮ ಕಡತಗಳ ಹಾಗೆ ಆದಾಯ, ಸುಂಕ, ಪತ್ರವ್ಯವಹಾರಗಳನ್ನು ಬರೆದಿಟ್ಟ ಉದ್ದನೆಯ ಪುಸ್ತಕಗಳು, ಅಲ್ಲಿ ಸಾಲುಸಾಲಾಗಿ ಇವೆ; ಮೊಗಲ್ ಬಾದಶಹರ ಫರ್ಮಾನುಗಳೂ (ಆಜ್ಞಾಪತ್ರಗಳು) ಇವೆ. ಬಹಳಷ್ಟನ್ನು ಅವರು ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಆದರೆ ಆ ಪುಟಗಳಲ್ಲಿ ಬರುವ ನಮ್ಮ ಊರುಗಳ ಹೆಸರುಗಳನ್ನು ಗುರುತಿಸಬೇಕಾದವರು ನಾವು. ಬಳ್ಳಾರಿ, ರಾಯಚೂರು ಕಡೆಯ ಹೋಬಳಿ ಹಳ್ಳಿಗಳನ್ನು ಬಲ್ಲವರು ಪಕ್ಕದಲ್ಲಿ ಕುಳಿತು ಓದದಿದ್ದರೆ, ಮಾರವಾಡಿ ಲಿಪಿಕಾರ ಕೇಳಿದಂತೆ ಬರೆದುಕೊಂಡ ನಮ್ಮ ಊರಿನ ಹೆಸರು ಯಾರಿಗೂ ಅರ್ಥವಾಗದ ಪದವಾಗಿಯೇ ಉಳಿಯುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ. ರಾಜಸ್ಥಾನ ಸರ್ಕಾರದೊಂದಿಗೆ ಮತ್ತು ಬಿಕಾನೇರಿನ ಗ್ರಂಥಾಲಯ, ಅರಮನೆಗಳನ್ನು ನೋಡಿಕೊಳ್ಳುವವರೊಂದಿಗೆ ನಮ್ಮ ರಾಜ್ಯ ಪತ್ರಾಗಾರ ಇಲಾಖೆ ಲಿಖಿತ ಒಪ್ಪಂದ ಮಾಡಿಕೊಳ್ಳಲಿ. ಹಳೆಯ ರಾಜಸ್ಥಾನಿ ಓದಬಲ್ಲವರು, ಪಾರಸಿ ಬಲ್ಲವರು, ನಮ್ಮ ಸೀಮೆಯನ್ನು ಬಲ್ಲವರು ಸೇರಿದ ಸಣ್ಣ ತಂಡವೊಂದು ಅಲ್ಲಿಗೆ ಹೋಗಿ ದಖ್ಖನಿಗೆ ಸಂಬಂಧಿಸಿದ್ದನ್ನೆಲ್ಲ ಪಟ್ಟಿ ಮಾಡಲಿ. ಮೂಲಗಳನ್ನು ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಮುನ್ನೂರು ವರ್ಷ ಅವುಗಳನ್ನು ಕಾಪಾಡಿದವರ ಮೇಲೆ ಜಗಳಕ್ಕೆ ಹೋಗುವುದು ನನಗೆ ಸರಿ ಎನಿಸುವುದಿಲ್ಲ. ಒಳ್ಳೆಯ ನಕಲುಗಳು ಬಂದರೆ ಸಾಕು; ಅವು ಬೆಂಗಳೂರಿನ ಕಪಾಟಿಗೆ ಸೇರದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ವಿಜಯಪುರದಲ್ಲಿ ವಿದ್ಯಾರ್ಥಿಗಳ ಕೈಗೆ ಸಿಗಬೇಕು.

ಇನ್ನೊಂದು ಮಾತು. ಬಳ್ಳಾರಿ, ಹೊಸಪೇಟೆ, ವಿಜಯಪುರದ ಕಡೆ ಹೆಸರಿನ ಕೊನೆಗೆ ‘ಸಿಂಗ್’ ಇರುವ, ಬೀದಿಯಲ್ಲಿ ಕನ್ನಡ ಮಾತನಾಡುವ ಕುಟುಂಬಗಳಿವೆ. ಹಿರಿಯರು ಉತ್ತರದಿಂದ ಸೈನ್ಯದ ಜೊತೆ ಬಂದವರೆಂದು ಅವರಲ್ಲಿ ಅನೇಕರು ಹೇಳುತ್ತಾರೆ. ಬೊಂದಿಲಿ ಎಂದು ಕರೆಸಿಕೊಳ್ಳುವವರು ತಮ್ಮ ಮೂಲ ಬುಂದೇಲಖಂಡ ಎನ್ನುತ್ತಾರೆ. ಈ ಮನೆಗಳಲ್ಲಿ ಇನ್ನೂ ಉಳಿದಿರಬಹುದಾದ ಸನದು, ವಂಶಾವಳಿ, ಹಿರಿಯರ ನೆನಪುಗಳನ್ನು ದಾಖಲಿಸಲು ಯಾವ ಒಪ್ಪಂದವೂ ಬೇಕಿಲ್ಲ. ಆ ಕೆಲಸ ನಾಳೆಯೇ ಆರಂಭವಾಗಬಹುದು. ಬರುವ ಬಜೆಟ್‌ನಲ್ಲಿ ಇದಕ್ಕೊಂದು ಪ್ರತ್ಯೇಕ ಶೀರ್ಷಿಕೆ ಇರಲಿ ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಇತಿಹಾಸಾಸಕ್ತ