ನೀನೇ ಕತ್ತರಿಸಿದ ಆ ಮಾತು

ಮಂಡ್ಯ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸಂಬಳ, ರೂಮಿನ ವಿಷಯವೆಲ್ಲ ನಿಮ್ಮಪ್ಪನ ಹತ್ತಿರ ಆಗಲೇ ಮಾತಾಡಿದ್ದೀಯ, ಅದು ಬಿಡು. ಯಾರೋ ದೊಡ್ಡ ಮನುಷ್ಯರು ನೀನು ಕೆಲಸ ಮಾಡೋ ಸಮುದಾಯ ರೇಡಿಯೋ ಕೇಂದ್ರಕ್ಕೆ ಬಂದು ಕೂಗಾಡಿ ಹೋದದ್ದೂ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ನೀನು ಬರೆದ ಒಂದು ಸಾಲು. "ಈಗ ಯಾರೂ ಬಂದು ಹೇಳೋದೇ ಬೇಡ ದೊಡ್ಡಪ್ಪ, ನಾನೇ ಮೊದಲೇ ಕತ್ತರಿಸಿಬಿಡ್ತೀನಿ."

ಕೂಗಾಡಿದವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅಂಥವರು ಬರ್ತಾರೆ, ಹೋಗ್ತಾರೆ. ಆದರೆ ನಿಮ್ಮ ಕಾರ್ಯಕ್ರಮಕ್ಕೆ ಮಾತಾಡಿದ ನಾಲೆ ಕೊನೆಯ ಆ ಹೆಂಗಸು ತನ್ನ ಗದ್ದೆಗೆ ನೀರಿಲ್ಲ ಅಂದ ಕೂಡಲೇ ನಿನ್ನ ಕೈ ತಾನಾಗಿ ಆ ಮಾತನ್ನು ರೆಕಾರ್ಡಿಂಗಿನಿಂದ ತೆಗೆದುಹಾಕುತ್ತೆ ಅಂದರೆ ನನಗೆ ಭಯ ಆಗುತ್ತೆ ಮಗಳೇ.

ನಾನು ಅಂಚೆ ಕಚೇರಿಗೆ ಸೇರಿದ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿತ್ತು. ಅದಕ್ಕೊಂದು ಸಣ್ಣ ಪುಸ್ತಕ. ಜನ ಅದನ್ನು ಕವರಿನಲ್ಲಿ ಸುತ್ತಿ, ಚೀಲದ ತಳದಿಂದ ಜೋಪಾನವಾಗಿ ತೆಗೆದು ಕೌಂಟರಿನ ಮೇಲೆ ಇಡ್ತಿದ್ದರು. ಹಣ ಕಟ್ಟಿದ ಮೇಲೆ ನಾವು ಸ್ಟಾಂಪ್ ಅಂಟಿಸಿ ಮೊಹರು ಒತ್ತಿ ಕೊಡ್ತಿದ್ದೆವು. ಬರೀ ಕೇಳೋಕೇ ಅಷ್ಟೆಲ್ಲ. ಆ ಕಡೆಯಿಂದ ಮಾತಾಡಬೇಕು ಅನ್ನೋರಿಗೆ ನಮ್ಮ ಹತ್ತಿರ ಒಂದು ಅರ್ಜಿ ನಮೂನೆಯೂ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ 1975 ಬಂತು. ಜೂನಿನಲ್ಲಿ ತುರ್ತು ಪರಿಸ್ಥಿತಿ, ಪತ್ರಿಕೆಗಳಿಗೆ ಸೆನ್ಸಾರ್. ಅದೇ ವರ್ಷ ಆಗಸ್ಟ್ 1ರಿಂದ ಅಮೆರಿಕದ ಉಪಗ್ರಹದ ಮೂಲಕ ದೇಶದ 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆ. ಬೇಸಾಯ, ಆರೋಗ್ಯ ಎಲ್ಲ ತೋರಿಸಿದರು, ಒಳ್ಳೆಯ ಕೆಲಸವೇ. ಆದರೆ ಮುಂದೆ ಕೂತು ನೋಡಿದವರು ತಿರುಗಿ ಒಂದು ಮಾತು ಹೇಳೋಕೆ ಆ ಪೆಟ್ಟಿಗೆಯಲ್ಲಿ ದಾರಿ ಇರಲಿಲ್ಲ. ಪತ್ರಿಕೆಗಳ ಕಥೆ ಇನ್ನೂ ಕಷ್ಟ. ಕೆಲವರು ಎದುರು ನಿಂತರು, ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿದರು. ಎಷ್ಟೋ ಕಡೆ ಮಾತ್ರ ಅಧಿಕಾರಿ ನೋಡೋ ಮುಂಚೆಯೇ ಒಳಗಿನವರೇ ಸಾಲು ತೆಗೆದುಬಿಡ್ತಿದ್ದರು. 1977ರಲ್ಲಿ ಸೆನ್ಸಾರ್ ಹೋಯಿತು, ಆ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ನಿನ್ನ ಸಾಲು ಓದಿದಾಗ ನನಗೆ ನೆನಪಾದದ್ದು ಇದೇ.

ನಿಮ್ಮಜ್ಜಿ ಮೊರದಲ್ಲಿ ರಾಗಿ ಕೇರುತ್ತಾ ಸಂಜೆಯ ಕೃಷಿ ಕಾರ್ಯಕ್ರಮ ಕೇಳ್ತಿದ್ದಳು. ಗೊಬ್ಬರದ ಲೆಕ್ಕ ಬಂದರೆ ಮೊರ ನಿಲ್ಲಿಸಿ ರೇಡಿಯೋಗೇ ಉತ್ತರ ಕೊಡ್ತಿದ್ದಳು. "ಮೊದಲು ನಾಲೆ ಕೊನೆಗೆ ನೀರು ಬಿಡ್ಸಪ್ಪ, ಆಮೇಲೆ ಗೊಬ್ಬರ ಹಾಕಾನ." ನಾವೆಲ್ಲ ನಗ್ತಿದ್ದೆವು. ದಿನಾ ಕಾರ್ಡುಗಳ ರಾಶಿಯಲ್ಲಿ ಕೂತಿರುತ್ತಿದ್ದೆ. ಅವಳ ಒಂದು ಮಾತನ್ನಾದರೂ ಬರೆದು ಆಕಾಶವಾಣಿಗೆ ಹಾಕೋಣ ಅಂತ ನನಗೆ ಹೊಳೆಯಲೇ ಇಲ್ಲ. ಈಗ ಅದನ್ನು ನೆನೆದರೆ ಸಂಕಟ ಆಗುತ್ತೆ. ನೀನು ತೆಗೆದುಹಾಕಿದ್ದೂ ಅದೇ ಮಾತು, ಅಲ್ವಾ?

1935ರಲ್ಲೇ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಕೇಂದ್ರ ನಡೆಸಿದ ಊರು ನಮ್ಮ ಪಕ್ಕದ್ದು. ಆದರೂ ಬಾನುಲಿಯ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳೋಕೆ 1995 ಬರಬೇಕಾಯಿತು. ನಿಮ್ಮಂಥ ಸಂಸ್ಥೆಗಳಿಗೆ ಸಮುದಾಯ ಬಾನುಲಿ, ಅಂದರೆ ಊರಿನವರಿಗಾಗಿ ಊರಿನವರ ಜೊತೆ ಸೇರಿ ನಡೆಸೋ ಸಣ್ಣ ರೇಡಿಯೋ, ನಡೆಸೋ ಅವಕಾಶ ಸಿಕ್ಕಿದ್ದು 2006ರಲ್ಲಿ. ಈಗ ತೆಲಂಗಾಣದಲ್ಲಿರೋ ಮಾಚನೂರಿನಲ್ಲಿ ದಲಿತ ಹೆಂಗಸರು 2008ರಲ್ಲಿ ತಮ್ಮದೇ ರೇಡಿಯೋ ಶುರು ಮಾಡಿದರು. ಬಡ ದೇಶಗಳ ಸುದ್ದಿಯನ್ನೂ ಶ್ರೀಮಂತ ದೇಶಗಳ ಏಜೆನ್ಸಿಗಳೇ ಹೇಳ್ತಿವೆ ಅಂತ ನಮ್ಮಂಥ ದೇಶಗಳು ಯುನೆಸ್ಕೋದಲ್ಲಿ ಎಷ್ಟು ಜಗಳ ಆಡಿದವು! 1980ರಲ್ಲಿ ಅದೇ ವಿಷಯ ನೋಡೋಕೆ ಯುನೆಸ್ಕೋ ನೇಮಿಸಿದ ಮ್ಯಾಕ್‌ಬ್ರೈಡ್ ಆಯೋಗದ ವರದಿಯೂ ಬಂತು. ದೊಡ್ಡ ಮಾತು, ನ್ಯಾಯದ ಮಾತು. ಆದರೆ ದೇಶದ ಒಳಗೆ ನಾಲೆ ಕೊನೆಯವಳ ಮಾತು ಕೇಳಿಸಬೇಕಾದರೆ ಅದು ನಿನ್ನ ಕೈ ದಾಟಿಯೇ ಬರಬೇಕು.

ಎಲ್ಲರ ಹತ್ತಿರ ಫೋನ್ ಇದೆ, ನಾನೊಬ್ಬಳು ತೆಗೆದರೆ ಏನಾಯ್ತು ಅಂತ ಬರೆದಿದ್ದೀಯ. ಇಲ್ಲ ಪುಟ್ಟಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸೋ ಫೋನ್ ಇದ್ದದ್ದು ನೂರಕ್ಕೆ 54 ಹೆಂಗಸರಿಗೆ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು 33. ಉಳಿದವರಿಗೆ ನಿನ್ನ ಮೈಕ್ ಬಿಟ್ಟರೆ ಹತ್ತಿರದಲ್ಲಿ ಬೇರೆ ಏನಿದೆ?

ಏನು ಮಾಡಬೇಕು ಅಂತ ಹೇಳೋ ಯೋಗ್ಯತೆ ನನಗೆ ಜಾಸ್ತಿ ಇಲ್ಲ. ಅಲ್ಲಿ ಕೂತು ಕೆಲಸ ಮಾಡೋಳು ನೀನು. ಸಮುದಾಯ ಬಾನುಲಿ ಸ್ವಂತವಾಗಿ ಸುದ್ದಿ ಓದುವಂತಿಲ್ಲ ಅನ್ನೋ ನಿಯಮ ನಿನ್ನನ್ನು ಹೆದರಿಸಿದೆ ಅಂತ ಕಾಣುತ್ತೆ. ಅದೇ ನೀತಿಯಲ್ಲಿ ಕೃಷಿ, ಆರೋಗ್ಯಕ್ಕೆ ಒತ್ತು ಕೊಡಿ, ಕನಿಷ್ಠ ಅರ್ಧ ಕಾರ್ಯಕ್ರಮ ಊರಿನವರ ಜೊತೆ ಸೇರಿ ಮಾಡಿ ಅಂತಲೂ ಇದೆ. ತನ್ನ ಗದ್ದೆ ಒಣಗಿದ್ದನ್ನು ಒಬ್ಬಳು ಹೇಳಿಕೊಂಡರೆ ಅದು ಕೃಷಿಯ ಮಾತಲ್ಲವಾ? ನಿಮ್ಮ ಮೇಲಿನವರನ್ನೇ ಒಂದು ಸಲ ಕೇಳು.

ಇನ್ನೊಂದು. ಒಬ್ಬಳೇ ಕೂತು ಕತ್ತರಿಸಬೇಡ, ಪಕ್ಕದಲ್ಲಿ ಯಾರಾದರೂ ಇರಲಿ. ಪ್ರಸಾರವಾದದ್ದನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು ಅನ್ನೋ ನಿಯಮ ಇದೆಯಲ್ಲ, ಕತ್ತರಿಸದ ಪೂರ್ತಿ ರೆಕಾರ್ಡಿಂಗನ್ನೂ ಅದರ ಜೊತೆ ಇಡು. ಕೆಲಸ ಬಿಡು ಅಂತಲೂ ನಾನು ಹೇಳಲ್ಲ, ಎದುರು ಹಾಕ್ಕೋ ಅಂತಲೂ ಹೇಳಲ್ಲ. ನಿನಗೆ ಏನಾದರೂ ಆದರೆ ನಿಮ್ಮಮ್ಮನಿಗೆ ನಾನೇನು ಉತ್ತರ ಕೊಡಲಿ?

ಆದರೂ ಒಂದು ಕೇಳಲೇಬೇಕು. ಆ ಹೆಂಗಸು ರೇಡಿಯೋದಲ್ಲಿ ತನ್ನ ಮಾತು ಬರುತ್ತೆ ಅಂತ ಕಾದಿರ್ತಾಳೆ. ತೆಗೆದುಹಾಕಿದ್ದನ್ನು ಅವಳಿಗೆ ಹೇಳಿದ್ದೀಯಾ? ಹೇಳಿಲ್ಲ ಅಂದರೆ ಈ ವಾರವೇ ಹೋಗಿ ಹೇಳು. ಅದು ಪ್ರಸಾರ ಆದರೆ ತೊಂದರೆ ಅವಳಿಗೂ ಬರಬಹುದು, ಹೆಸರು ಬೇಡ ಅಂತಾಳೋ, ಹೆಸರು ಹಾಕೇ ಹಾಕು ಅಂತಾಳೋ, ಅವಳನ್ನೇ ಕೇಳು. ಏನಂದಳು ಅಂತ ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ